ಈ ವರ್ಷ 40 ಪುಸ್ತಕ ಅಂತ ಗುರಿ ಇಟ್ಕೊಂಡೆ, ಈಗ ಓದಿದ್ರ ಬಗ್ಗೆ ಬರೆಯೋಕೆ ಏನೂ ಉಳೀತಿಲ್ಲ

ಹಾಳೆಮಡಿಕೆ (ಪ್ರಶ್ನೆ, ಸೆಪ್ಟೆಂಬರ್ 30)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಜನವರೀಲಿ ಗುಡ್‌ರೀಡ್ಸಲ್ಲಿ (ಓದಿದ ಪುಸ್ತಕದ ಲೆಕ್ಕ ಇಡೋ ಆಪ್) 40 ಪುಸ್ತಕ ಅಂತ ಹಾಕ್ಕೊಂಡೆ. ಜೊತೆಗೆ ಒಂದು ನೋಟ್‌ಬುಕ್ಕೂ ಇಟ್ಟೆ, ಒಂದೊಂದು ಪುಸ್ತಕ ಮುಗಿದಾಗ್ಲೂ ಅದ್ರಲ್ಲಿ ಬರೀಬೇಕು ಅಂತ. ವಿಮರ್ಶೆ ಗಿಮರ್ಶೆ ಅಲ್ಲ, ಕಥೆ ಏನು ಅಂತಾನೂ ಅಲ್ಲ, ಓದ್ತಾ ಓದ್ತಾ ನನಗೇನಾಯ್ತು ಅಷ್ಟೇ. ಈಗ ಸೆಪ್ಟೆಂಬರ್ ಮುಗೀತಿದೆ, 27 ಆಗಿದೆ, ಆಪ್ ತೆಗೆದಾಗೆಲ್ಲಾ ನೀನು 3 ಪುಸ್ತಕ ಹಿಂದಿದೀಯ ಅಂತ ನೆನಪಿಸುತ್ತೆ. ಅದು ಹಾಳಾಗ್ಲಿ. ನನಗೆ ಬೇಜಾರಾಗಿದ್ದು ನಿನ್ನೆ ರಾತ್ರಿ ಆ ನೋಟ್‌ಬುಕ್ ತೆಗೆದು ಮೊದಲಿಂದ ಓದಿದಾಗ.

ಜನವರಿಯ ಮೊದಲ್ನೇ ಪುಸ್ತಕಕ್ಕೆ ಮೂರೂವರೆ ಪುಟ ಬರ್ದಿದೀನಿ. ಮಧ್ಯದಲ್ಲಿ ನಮ್ಮಪ್ಪನ ವಿಷಯ ಬಂದು, ಅಲ್ಲಿಂದ ಎಲ್ಲಿಗೋ ಹೋಗಿ, ಕೊನೆಗೆ ಪುಸ್ತಕದ ಹೆಸರೇ ಬರೆಯೋದು ಮರ್ತು ಅಂಚಲ್ಲಿ ತುರುಕಿದೀನಿ. ಮಾರ್ಚಲ್ಲಿ ಅರ್ಧ ಪುಟಕ್ಕೆ ಇಳಿದಿದೆ. ಆಗಸ್ಟಿಂದು ಇದ್ದಿದ್ದು ಇದ್ದಂಗೆ ಹಾಕ್ತೀನಿ ನೋಡಿ:

23. ಚೆನ್ನಾಗಿದೆ. ಕೊನೆ ಸ್ವಲ್ಪ ಎಳೆದಿದ್ದಾರೆ.
24. ಪರವಾಗಿಲ್ಲ.
25. ಚೆನ್ನಾಗಿದೆ.

25ನೇದು ಯಾವ ಪುಸ್ತಕ ಅಂತ ಆಪಲ್ಲಿ ಹುಡುಕಿ ನೋಡ್ಬೇಕಾಯ್ತು. ಹೆಸರು ಸಿಕ್ಕಿದ್ ಮೇಲೂ ಕಥಾನಾಯಕಿ ಹೆಸರು ನೆನಪಿಗೆ ಬರ್ಲಿಲ್ಲ. ಓದಿ ಐದು ವಾರಾನೂ ಆಗಿಲ್ಲ!

ಇನ್ನೊಂದು ನಾಚಿಕೆ ಬಿಟ್ಟು ಹೇಳ್ತೀನಿ. ಇತ್ತೀಚೆಗೆ ಕಪಾಟಿನ ಮುಂದೆ ನಿಂತ್ರೆ ಪುಸ್ತಕದ ಬೆನ್ನು ನೋಡ್ತೀನಿ, ಹೆಸರು ಓದೋಕಲ್ಲ, ದಪ್ಪ ಎಷ್ಟಿದೆ ಅಂತ ಅಳೆಯೋಕೆ. ಮಲೆಗಳಲ್ಲಿ ಮದುಮಗಳು ಎರಡು ವರ್ಷದಿಂದ ಹಂಗೇ ಇದೆ, ಏಳುನೂರು ಪುಟದ ಮೇಲಿದೆ ಅದು, ಕೈಗೆ ತಗೊಳ್ಳೋದು, ಇದನ್ನ ಓದೋ ಹೊತ್ತಿಗೆ ಮೂರು ಪುಸ್ತಕ ಮುಗಿಸ್ಬಹುದಲ್ಲಾ ಅನ್ಕೊಳ್ಳೋದು, ವಾಪಸ್ ಇಡೋದು. ಈ ಲೆಕ್ಕ ಯಾವಾಗ ನನ್ನ ತಲೆಗೆ ಹೊಕ್ತೋ ಗೊತ್ತಿಲ್ಲ, ಮುಂಚೆ ನಾನು ಹಿಂಗಿರ್ಲಿಲ್ಲ.

ವರ್ಷದ ಗುರಿ ಇಟ್ಕೊಂಡು ಓದೋರು, ಓದಿದ್ರ ಬಗ್ಗೆ ಮನಸ್ಸಿಗೆ ಬಂದಿದ್ದು ಬರ್ದಿಡೋರು ಇಲ್ಲಿ ಸುಮಾರು ಜನ ಇದೀರಿ. ನೀವು ಹೆಂಗೆ ಮಾಡ್ತೀರಾ? ಸಂಖ್ಯೆ ಬಿಟ್ಬಿಡ್ಲಾ? ಇಲ್ಲಾ ಬರೆಯೋದನ್ನ ಬಿಟ್ಬಿಡ್ಲಾ?

---

ಲೆಕ್ಕದ ಮೇಷ್ಟ್ರು

ನಿಮ್ಮ ಗುರೀನ ಒಂಚೂರು ಬಿಡಿಸಿ ನೋಡೋಣ. 365 ದಿನಕ್ಕೆ 40 ಅಂದ್ರೆ ಪುಸ್ತಕಕ್ಕೆ ಒಂಬತ್ತು ದಿನ. ಒಂದೊಂದು ಸರಾಸರಿ 250 ಪುಟ ಅಂತಿಟ್ಕೊಳ್ಳಿ, ಒಟ್ಟು 10,000 ಪುಟ, ದಿನಕ್ಕೆ 27 ಪುಟ ಚಿಲ್ಲರೆ. ಇದೇನು ಆಗದೇ ಇರೋ ಮಾತಲ್ಲ. ತೊಂದ್ರೆ ಎಲ್ಲಿದೆ ಅಂದ್ರೆ ನೀವು ಎಣಿಸ್ತಿರೋದು ಪುಸ್ತಕಾನ. 90 ಪುಟದ್ದಕ್ಕೂ ಒಂದೇ ಮಾರ್ಕು, 700 ಪುಟದ್ದಕ್ಕೂ ಒಂದೇ ಮಾರ್ಕು ಅಂದ್ಮೇಲೆ ಯಾರಾದ್ರೂ 90 ಪುಟದ್ದನ್ನೇ ಎತ್ಕೊಳ್ತಾರೆ, ಅದ್ರಲ್ಲಿ ನಾಚ್ಕೊಳ್ಳೋಕೇನಿದೆ. ಚಾರ್ಲ್ಸ್ ಗುಡ್‌ಹಾರ್ಟ್ ಅಂತ ಬ್ರಿಟಿಷ್ ಅರ್ಥಶಾಸ್ತ್ರಜ್ಞರು 1975ರಲ್ಲೇ ಈ ತರದ್ದನ್ನ ಹೇಳಿದ್ದಾರೆ, ಅವರು ಹೇಳಿದ್ದು ಹಣಕಾಸು ನೀತಿ ಬಗ್ಗೆ, ಆದ್ರೆ ನಿಮ್ಮ ಕಪಾಟಿಗೂ ಒಪ್ಪುತ್ತೆ: ಅಳತೆಗೋಲನ್ನೇ ಗುರಿ ಮಾಡ್ಕೊಂಡ್ರೆ ಅಳತೆಗೋಲು ಕೆಟ್ಟೋಗುತ್ತೆ.

ನಾನು ಎರಡು ವರ್ಷದಿಂದ ಪುಟ ಎಣಿಸ್ತೀನಿ. ದಪ್ಪ ಪುಸ್ತಕದ ಭಯ ಹೋಯ್ತು. ಆದ್ರೆ ನಿಜ ಹೇಳ್ಬೇಕು, ಇದಕ್ಕೂ ಒಂದು ಚಟ ಅಂಟ್ಕೊಳ್ಳುತ್ತೆ, ಅಕ್ಷರ ದೊಡ್ಡದಾಗಿರೋ ಆವೃತ್ತಿ ಹುಡುಕೋಕೆ ಶುರು ಮಾಡ್ತೀರಿ 😀

ಇನ್ನೊಂದು. ನಿಮಿಷಕ್ಕೆ ಇಷ್ಟು ಪದ ಓದ್ಬೇಕು ಅಂತ ನೆಟ್ಟಲ್ಲಿ ಸಿಗೋ ಅಂಕಿ ನೋಡಿ ತಲೆ ಕೆಡಿಸ್ಕೊಬೇಡಿ. 2019ರಲ್ಲಿ ಮಾರ್ಕ್ ಬ್ರೀಸ್‌ಬಾರ್ಟ್ ಅನ್ನೋ ಮನಶ್ಶಾಸ್ತ್ರಜ್ಞರು ಹಳೇ ಅಧ್ಯಯನಗಳನ್ನೆಲ್ಲಾ ಒಟ್ಟುಮಾಡಿ ಲೆಕ್ಕ ಹಾಕಿದಾಗ ಮನಸ್ಸಲ್ಲೇ ಓದ್ಕೊಳ್ಳೋ ವೇಗ ಕಥೆ ಕಾದಂಬರಿಗೆ ನಿಮಿಷಕ್ಕೆ 260 ಪದ, ಬೇರೇದಕ್ಕೆ 238 ಅಂತ ಬಂತು. ಆದ್ರೆ ಅದು ಇಂಗ್ಲಿಷಿಂದು. ನಮ್ಮಲ್ಲಿ 'ಬರಬೇಕಾಗಿತ್ತಂತೆ' ಅನ್ನೋದು ಒಂದೇ ಪದ, ಇಂಗ್ಲಿಷಲ್ಲಿ ಅಷ್ಟು ಹೇಳೋಕೆ ಐದಾರು ಪದ ಬೇಕು. ನಾನೊಬ್ಬ ಇದು ಗೊತ್ತಿಲ್ದೆ ಸ್ಟಾಪ್‌ವಾಚ್ ಇಟ್ಕೊಂಡು ಕನ್ನಡ ಪುಟ ಓದಿ, ನಾನಿಷ್ಟು ದಡ್ಡನಾ ಅಂತ ಒಂದು ವಾರ ಕೊರಗಿದ್ದೆ.

---

ಮುದ್ದಾಂ ಓದವಾ

ನಾ ಉಲ್ಟಾ ಹೇಳ್ತೀನ್ರಿ, ಬೈಬ್ಯಾಡ್ರಿ. ಸಂಖ್ಯಾ ಬಿಡಬ್ಯಾಡ್ರಿ.

ಕಾಲೇಜ್ ಮುಗದ್ ಮ್ಯಾಲೆ ಆರು ವರ್ಷ ನಾ ಒಂದ್ ಪುಸ್ತಕಾನೂ ಪೂರಾ ಓದಿದ್ದಿಲ್ಲ. 'ನಂಗ ಓದೂದಂದ್ರ ಭಾಳ ಇಷ್ಟ' ಅಂತ ಮಂದಿ ಮುಂದ ಹೇಳ್ಕೋತ ಅಡ್ಡಾಡ್ತಿದ್ದೆ ಅಷ್ಟ. ರಾತ್ರಿ ಫೋನ್ ಕೈಯಾಗ ಹಿಡದ್ರ ಒಂದೂವರಿ ತಾಸು ಎತ್ತಾಗ ಹೋತು ಅನ್ನೂದ ತಿಳೀತಿದ್ದಿಲ್ಲ. ಹ್ವಾದ ವರ್ಷ ಒಂದ್ ಚೀಟಿ ಮ್ಯಾಲೆ 12 ಅಂತ ಬರದು ಹಾಸಿಗಿ ಬಾಜೂಕ ಗ್ವಾಡಿಗೆ ಹಚ್ಚಿದೆ, ತಿಂಗಳಿಗೊಂದು. ಆ ಚೀಟಿ ನೋಡಿ ನಾಚಿಕಿ ಬಂದಾದ್ರೂ ಹತ್ತು ಪುಟ ಓದ್ತಿದ್ದೆ, ಹತ್ತು ಅನ್ನೂದು ಮೂವತ್ತ ಆಗೂದು ಕೆಲವೊಮ್ಮೆ. ವರ್ಷದ ಕೊನಿಗೆ 14 ಆದ್ವು. ಅದಕ್ಕ ಸಂಖ್ಯಾದ ಮ್ಯಾಲೆ ಸಿಟ್ಟ್ ಮಾಡವ್ರನ್ನ ಕಂಡ್ರ ನನಗ ಒಂದೀಟು ಸಿಟ್ಟು. ಓದೂ ರೂಢಿ ಇದ್ದವ್ರಿಗೆ ಅದು ಕಾಟ ಅನಸ್ತದ, ಇಲ್ಲದವ್ರಿಗೆ ಅದ ಆಧಾರ.

ನಿಮ್ಮ ತ್ರಾಸು ಸಂಖ್ಯಾದ್ದಲ್ಲ, ಬರ್ಯೂ ಹೊತ್ತಿಂದು. ಪೂರಾ ಮುಗಿಸಿ ಆಮ್ಯಾಲೆ ಬರೀತೀನಿ ಅಂದ್ರ ಏನ್ ಉಳೀತದ ಹೇಳ್ರಿ? ಅಷ್ಟೊತ್ತಿಗೆ ಮನಸು ಮುಂದಿನ ಪುಸ್ತಕಕ್ಕ ಹೋಗಿರ್ತದ. ನಾ ಪೆನ್ಸಿಲ್ ಹಿಡಕೊಂಡ ಓದ್ತೀನ್ರಿ. ಭಾರೀ ಏನೂ ಬರ್ಯೂದಿಲ್ಲ, ಒಂದು ಎರಡು ಮಾತು. ಮೊನ್ನೆ ಒಂದು ಕಾದಂಬರಿ ತಿರುವಿ ಹಾಕಿದಾಗ ಕಂಡದ್ದು: 41ನೇ ಪುಟದಾಗ 'ಸುಳ್ಳು!', 88ರಾಗ 'ನಮ್ಮ ಕಾಕಾ', 130ರಾಗ ಬರೇ ಒಂದು ಗೆರಿ, ಗೆರಿ ಬಾಜೂಕ ತಾರೀಖು, ರಾತ್ರಿ 1:20 ಅಂತ. ಆ 1:20 ನೋಡಿದ ಕೂಡ್ಲೆ ಅವತ್ತು ಯಾಕ ನಿದ್ದಿ ಬಂದಿದ್ದಿಲ್ಲ ಅನ್ನೂದೂ ನೆನಪಾತು. ಇದಕ್ಕಿಂತ ದೊಡ್ಡ ಅಭಿಪ್ರಾಯ ನನ್ನ ಕಡಿಂದ ಆಗೂದಿಲ್ರಿ.

(ಲೈಬ್ರರಿ ಪುಸ್ತಕದಾಗ ಮಾತ್ರ ಗೀಚಬ್ಯಾಡ್ರಿ, ಅದಕ್ಕ ಸಣ್ಣ ಚೀಟಿ ಇಡ್ರಿ.)

---

ಕಿವಿಯೋದು

ಆಡಿಯೋ ಬುಕ್ ಕೇಳಿದ್ದು 40ರ ಲೆಕ್ಕಕ್ಕೆ ಬರುತ್ತಾ?

---

ಲೆಕ್ಕದ ಮೇಷ್ಟ್ರು

ಬರುತ್ತೆ. ಇಲ್ಲಿ ಆ ಜಗಳ ಬೇಡ, ಹೋದ್ಸಲ ಆ ವಿಷ್ಯ ಶುರುವಾಗಿ ಯಾರೂ ಒಂದು ತಿಂಗಳು ಏನೂ ಓದ್ಲಿಲ್ಲ.

---

ಎರಡನೇ ಸಲ

ಹಾಳೆಮಡಿಕೆ ಅವ್ರೆ, ನಿಮ್ಮ ಜನವರಿ ಟಿಪ್ಪಣೀಲಿ ಅಪ್ಪನ ವಿಷಯ ಬಂತು ಅಂದ್ರಲ್ಲ, ನನ್ನ ಪ್ರಕಾರ ನೀವು ಸರಿಯಾಗಿ ಬರ್ದಿದ್ದು ಅದೊಂದೇ ಇರ್ಬೇಕು. ಆಮೇಲಿನದೆಲ್ಲಾ ಪುಸ್ತಕಕ್ಕೆ ಮಾರ್ಕ್ಸ್ ಹಾಕಿದ್ದು.

ನನ್ನ ಒಂದು ಅನುಭವ ಹೇಳ್ತೀನಿ. ವಂಶವೃಕ್ಷ ನಾನು ಮೊದಲು ಓದಿದ್ದು ಇಪ್ಪತ್ತರ ವಯಸ್ಸಲ್ಲಿ. ಹೋದ ವರ್ಷ, 43ರಲ್ಲಿ, ಅದೇ ಪ್ರತಿ ಮತ್ತೆ ತೆಗೆದೆ. ಆಗ ನೀಲಿ ಇಂಕಲ್ಲಿ ಗೆರೆ ಎಳೆದಿದ್ದೆ, ಗೆರೆಗಳೆಲ್ಲಾ ಗಂಡ ಸತ್ತ ಮೇಲೆ ಮತ್ತೆ ಮದ್ವೆ ಆಗೋ ಕಾತ್ಯಾಯನಿ ಇರೋ ಕಡೆ. ಅವಳ ಮಾವ ಶ್ರೀನಿವಾಸ ಶ್ರೋತ್ರಿಗಳು ಮಾತಾಡಿದ ಕಡೆಯೆಲ್ಲಾ ಅಂಚಲ್ಲಿ ಪ್ರಶ್ನಾರ್ಥಕ, ಒಂದು ಕಡೆ ಅಂತೂ ಮೂರು ಪ್ರಶ್ನಾರ್ಥಕ ಒತ್ತಿ ಒತ್ತಿ ಹಾಕಿ ಹಾಳೆ ತೂತಾಗಿದೆ. ಇಪ್ಪತ್ತರ ಆ ಹುಡುಗಿ ಸಿಟ್ಟು ನೋಡಿ ನನಗೇ ನಗು ಬಂತು, ಸ್ವಲ್ಪ ಪ್ರೀತಿನೂ ಬಂತು. ಆದ್ರೆ ನನ್ನ ಎದೆ ಧಸಕ್ ಅಂದಿದ್ದು ಬೇರೆ ಕಡೆ. ನಾಗಲಕ್ಷ್ಮಿ ಇರೋ ಪುಟಗಳಲ್ಲಿ ಒಂದೇ ಒಂದು ಗೆರೆ ಇಲ್ಲ. ಗಂಡ ತನ್ನ ಸಂಶೋಧನೆ ಕೆಲಸಕ್ಕೆ ಜೊತೆಯಾದವಳನ್ನ ಮದ್ವೆ ಆಗ್ತಾನೆ, ಇವಳು ಮನೇಲಿ ಉಳ್ಕೋತಾಳೆ, ಮತ್ತು ಇಪ್ಪತ್ತರ ನಾನು ಆ ಪುಟಗಳನ್ನ ಓಡಿಸ್ಕೊಂಡು ಹೋಗ್ಬಿಟ್ಟಿದೀನಿ! ಈ ಸಲ ನಾನು ಅಲ್ಲೇ ಮೂರು ದಿನ ನಿಂತೆ. ಪುಸ್ತಕ 1965ರದ್ದು, ಅದರಲ್ಲಿ ಒಂದಕ್ಷರ ಬದಲಾಗಿಲ್ಲ.

ಅದಕ್ಕೆ ನಂದೊಂದು ನಿಯಮ, ವರ್ಷದ ಗುರೀಲಿ ಐದು ಪುಸ್ತಕ ಹಿಂದೆ ಓದಿದ್ದೇ ಆಗಿರ್ಬೇಕು. ಹೊಸ ಟಿಪ್ಪಣಿ ಹಳೇದ್ರ ಕೆಳಗೇ ಬರೀತೀನಿ. ಹಳೇದನ್ನ ತಿದ್ದಲ್ಲ, ಎಷ್ಟೇ ಮುಜುಗರ ಆದ್ರೂ.

---

ಅರ್ಧಕ್ಕೆಬಿಟ್ಟೋಳು

ಇಲ್ಲಿ ಯಾರೂ ಅರ್ಧಕ್ಕೆ ಬಿಡೋದ್ರ ಬಗ್ಗೆ ಮಾತಾಡ್ಲೇ ಇಲ್ವಲ್ಲ, ಹೆಸರಿಗೆ ತಕ್ಕಂಗೆ ನಾನೇ ಮಾತಾಡ್ತೀನಿ.

ನ್ಯಾನ್ಸಿ ಪರ್ಲ್ ಅಂತ ಅಮೆರಿಕದಲ್ಲಿ ಒಬ್ರು ಲೈಬ್ರೇರಿಯನ್ ಇದಾರೆ, ಅವರದ್ದು 50 ಪುಟದ ನಿಯಮ ಇದೆ. 50 ಪುಟ ಓದಿ, ಹಿಡಿಸ್ಲಿಲ್ವಾ, ಬಿಟ್ಬಿಡಿ. ವಯಸ್ಸು ಐವತ್ತು ದಾಟಿದ್ರೆ 100ರಿಂದ ವಯಸ್ಸು ಕಳೆದು ಉಳಿದಷ್ಟು ಪುಟ ಓದಿದ್ರೆ ಸಾಕು. ನನಗೆ 58, ಅಂದ್ರೆ ನನ್ನ ಪಾಲಿಗೆ 42 ಪುಟ. ನೂರು ತುಂಬಿದೋರು ರಕ್ಷಾಪುಟ ನೋಡಿನೇ ಎಸೀಬಹುದು, ಎಂಥಾ ಸುಖ.

ಗುರಿ ಇದ್ದಾಗ ಏನಾಗುತ್ತೆ ಅಂದ್ರೆ 120 ಪುಟ ಓದಿಬಿಟ್ಟಿದೀನಿ, ಈಗ ಬಿಟ್ರೆ ಲೆಕ್ಕಕ್ಕೆ ಸಿಗಲ್ಲ ಅಂತ ಹಲ್ಲು ಕಚ್ಕೊಂಡು ಮುಗಿಸ್ತೀವಿ, ಮುಗಿಸಿ 'ಪರವಾಗಿಲ್ಲ' ಅಂತ ಬರೀತೀವಿ. ನಿಮ್ಮ 24ನೇದು ಅಂಥದ್ದೇ ಇರ್ಬೇಕು, ಅಲ್ವಾ? ನಾನು ಬಿಟ್ಟ ಪುಸ್ತಕಗಳಿಗೂ ನೋಟ್‌ಬುಕ್ಕಲ್ಲಿ ಜಾಗ ಕೊಡ್ತೀನಿ, ಯಾವ ಪುಟದಲ್ಲಿ ಬಿಟ್ಟೆ, ಯಾಕೆ ಬಿಟ್ಟೆ. ಸುಳ್ಳಲ್ಲ, ನನ್ನ ಒಳ್ಳೊಳ್ಳೇ ಟಿಪ್ಪಣಿಗಳೆಲ್ಲಾ ಬಿಟ್ಟ ಪುಸ್ತಕಗಳ ಮೇಲೇ ಇವೆ. ಬೈಯೋವಾಗ ಮನುಷ್ಯರಿಗೆ ಭಾಷೆ ಚೆನ್ನಾಗಿ ಬರುತ್ತೆ.

ಆದ್ರೆ ಈ ನಿಯಮ ನನಗೆ ಒಂದು ಸಲ ಕೈ ಕೊಟ್ಟಿದ್ದೂ ಹೇಳ್ಬೇಕು. ದೇವನೂರರ ಕುಸುಮಬಾಲೆ, ತೆಳ್ಳನೆ ಪುಸ್ತಕ, 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಿದ್ದು. ಎರಡು ಸಲ ಶುರು ಮಾಡಿ ಎರಡು ಸಲಾನೂ ಬಿಟ್ಟೆ. ಮೊದಲ ಸಲದ ಟಿಪ್ಪಣಿ: 'ಆಡುಮಾತು ತಲೆಗೆ ಹೋಗ್ತಿಲ್ಲ, ನನ್ನದೇ ಭಾಷೇಲಿ ನಾನು ಪರದೇಶಿ ಆದಂಗಿದೆ, ಸಿಟ್ಟು ಬರ್ತಿದೆ.' ಎರಡನೇ ಸಲದ್ದು: 'ಮತ್ತೆ ಅದೇ.' ಮೂರನೇ ಸಲ ಕಣ್ಣಿನ ಆಪರೇಷನ್ ಆಗಿ ಓದೋ ಹಾಗಿರ್ಲಿಲ್ಲ, ಮಗಳು ಜೋರಾಗಿ ಓದಿ ಹೇಳಿದ್ಲು. ಅವಳಿಗೂ ಅರ್ಧ ಅರ್ಥ ಆಗ್ತಿರ್ಲಿಲ್ಲ, ತಡವರಿಸ್ಕೊಂಡು ಓದ್ತಿದ್ಲು, ಆದ್ರೂ ಕಿವಿಗೆ ಬಿದ್ದ ಕೂಡ್ಲೆ ಅದು ಮಾತಾಯ್ತು. ದೀಪಗಳೆಲ್ಲಾ ರಾತ್ರಿ ಒಂದ್ಕಡೆ ಸೇರಿ ಮಾತಾಡ್ಕೊಳ್ಳೋ ಭಾಗ ಬಂದಾಗ ಮಗಳು ಓದೋದು ನಿಲ್ಸಿ 'ಅಮ್ಮಾ, ಇನ್ನೊಂದ್ಸಲ ಓದ್ಲಾ ಇದನ್ನ' ಅಂದ್ಲು. ಕಣ್ಣಿಗೆ ಪಟ್ಟಿ ಇತ್ತು, ಅದೇನು ಅಂತ ನೋಟ್‌ಬುಕ್ಕಲ್ಲಿ ಬರೆಯೋಕಾಗ್ಲಿಲ್ಲ, ಮಗಳೇ ತನ್ನ ಅಕ್ಷರದಲ್ಲಿ ಬರ್ದಿದಾಳೆ, 'ಅಮ್ಮ ಏನೂ ಮಾತಾಡ್ಲಿಲ್ಲ' ಅಂತ.

ಕಿವಿಯೋದು ಅವ್ರೆ, ನಿಮ್ಮ ಪ್ರಶ್ನೆಗೆ ನಂದು ಇದೇ ಉತ್ತರ, ಮೇಷ್ಟ್ರು ಬೈದ್ರೂ ಪರವಾಗಿಲ್ಲ.

ಹಾಳೆಮಡಿಕೆಗೆ ಒಂದು ಸಣ್ಣ ಉಪಾಯ. ಮೂರು ತಿಂಗಳು 'ಚೆನ್ನಾಗಿದೆ', 'ಪರವಾಗಿಲ್ಲ', 'ಇಷ್ಟ ಆಯ್ತು' ಈ ಮೂರು ಮಾತಿಗೆ ನಿಷೇಧ ಹಾಕ್ಕೊಳ್ಳಿ. ಸ್ಟಾರ್ ಕೊಡೋದೂ ಬೇಡ. ಗುಡ್‌ರೀಡ್ಸಲ್ಲಿ ಅರ್ಧ ಸ್ಟಾರ್ ಇಲ್ಲ, ಅಂಥದ್ದೇ ಇನ್ನೊಂದು ಆಪ್ ಸ್ಟೋರಿಗ್ರಾಫಲ್ಲಿ ಕಾಲು ಸ್ಟಾರೂ ಇದೆ ಅಂತ ಜನ ಅಲ್ಲಿಗೆ ಹೋಗ್ತಾರೆ, ಹೋಗಿ ಮೂರೂಮುಕ್ಕಾಲಾ ನಾಲ್ಕಾ ಅಂತ ಒದ್ದಾಡ್ತಾ ಕೂತ್ಕೋತಾರೆ. ಅದರ ಬದ್ಲು ಇಷ್ಟು ಬರೀರಿ: ಎಲ್ಲಿ ಓದೋದು ನಿಲ್ಸಿ ತಲೆ ಎತ್ತಿದ್ರಿ? ಯಾರ ಜೊತೆ ಜಗಳ ಆಡ್ಬೇಕು ಅನ್ನಿಸ್ತು? ಎರಡಕ್ಕೂ ಉತ್ತರ ಇಲ್ಲ ಅಂದ್ರೆ ಆ ಪುಸ್ತಕಕ್ಕೆ ಏನೂ ಬರೀಬೇಡಿ, ಖಾಲಿ ಬಿಡಿ.

ಮತ್ತೆ ಆ ದಪ್ಪ ಪುಸ್ತಕ ತೆಗೀರಿ ಮೊದ್ಲು. ತೆಗ್ದು ಹುಲಿಯನ ಬಗ್ಗೆ ಬಂದು ಬರೀರಿ ಇಲ್ಲಿ.

---

ಹಾಳೆಮಡಿಕೆ

ಅಯ್ಯೋ ಇಷ್ಟೊಂದು ಬರುತ್ತೆ ಅನ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. 24ನೇದು ಹಲ್ಲು ಕಚ್ಕೊಂಡೇ ಮುಗಿಸಿದ್ದು, ಹೆಂಗೆ ಗೊತ್ತಾಯ್ತು ಮೇಡಂ? ಹುಲಿಯ ಯಾರು? ಹೇಳ್ಬೇಡಿ ಬೇಡ, ಓದ್ತೀನಿ.

---

ಹಾಳೆಮಡಿಕೆ (ನವೆಂಬರ್ 20)

ಮುಗೀತು. ನಿನ್ನೆ ರಾತ್ರಿ. ಏಳು ವಾರ ಹಿಡೀತು, ಮಧ್ಯದಲ್ಲಿ ಬೇರೆ ಒಂದೂ ಓದ್ಲಿಲ್ಲ. ಓದದೇ ಇರೋರು ಇಲ್ಲಿಂದ ಕೆಳಗೆ ಓದ್ಬೇಡಿ, ಕೊನೆ ಗೊತ್ತಾಗುತ್ತೆ.

ಮೇಷ್ಟ್ರ 27 ಪುಟದ ಲೆಕ್ಕ ನಾಲ್ಕನೇ ದಿನಕ್ಕೇ ಕೈ ಬಿಡ್ತು. ಜನ ಒಬ್ಬರಾದ್ಮೇಲೆ ಒಬ್ಬರು ಬರ್ತಾನೇ ಇರ್ತಾರೆ, ಯಾರ ಮನೆ ಯಾವುದು, ಯಾರು ಯಾರಿಗೆ ಏನಾಗ್ಬೇಕು ಅಂತ ಹಿಂದೆ ಮುಂದೆ ತಿರುಗಿಸ್ತಾ ಇದ್ದೆ, ಕೊನೆಗೆ ಹಿಂದಿನ ಖಾಲಿ ಹಾಳೇಲಿ ಒಂದು ನಕ್ಷೆನೇ ಹಾಕ್ಕೊಂಡೆ. ಮೊದಲ ನೂರು ಪುಟ ನಿಜವಾಗ್ಲೂ ಕಷ್ಟ ಆಯ್ತು, ಯಾರಾದ್ರೂ ಇದನ್ನ ಸುಲಭ ಅಂದ್ರೆ ನಂಬ್ಬೇಡಿ. ಪೆನ್ಸಿಲ್ ಇಟ್ಕೊಂಡೇ ಓದಿದೆ, ಮುದ್ದಾಂ ಓದವಾ ಅವರು ಹೇಳಿದಂಗೆ.

ಈಗ ಆ ನಾಯಿ. ಶುರುವಿಂದ ಗುತ್ತಿ ಎಲ್ಲಿ ಹೋದ್ರೂ ಹಿಂದೆ ಹುಲಿಯ. ಸ್ವಲ್ಪ ದಿನ ಆದ್ಮೇಲೆ ನನಗೊಂದು ಅಭ್ಯಾಸ ಆಗೋಯ್ತು, ಗುತ್ತಿ ಬಂದ ಕೂಡ್ಲೆ ನಾಯಿ ಎಲ್ಲಿ ಅಂತ ಸಾಲಿನಲ್ಲಿ ಹುಡುಕೋದು. ಹೆಸರು ಕಂಡ್ರೆ ಪೆನ್ಸಿಲಲ್ಲಿ ಒಂದು ಚುಕ್ಕೆ. ಮನುಷ್ಯರ ಕಷ್ಟ ಪುಟಗಟ್ಟಲೆ ಇದೆ ಅದ್ರಲ್ಲಿ, ನಾನು ನಾಯಿ ಲೆಕ್ಕ ಇಟ್ಕೊಂಡು ಕೂತಿದೀನಲ್ಲಾ ಅಂತ ಒಂದೊಂದ್ಸಲ ನನ್ನ ಮೇಲೇ ಬೇಜಾರಾಗೋದು. ಕೊನೆಗೆ ಹೊಳೆ ದಾಟೋ ಜಾಗ ಬಂತು, ನೀರು ತುಂಬಿದೆ, ದೋಣಿ ಇದೆ, ಆಗ್ಲೇ ಹೊಟ್ಟೇಲಿ ಏನೋ ಆಗೋಕೆ ಶುರುವಾಯ್ತು, ಪುಸ್ತಕ ಮುಚ್ಚಿ ಅಡ್ಡಾಡಿ ಬಂದೆ, ಓದದೇ ಇದ್ರೆ ಅದು ಆಗಲ್ವೇನೋ ಅನ್ನೋ ತರ. ಆಮೇಲೆ ಓದಿದೆ. ಪ್ರವಾಹ ಹುಲಿಯನನ್ನ ತಗೊಂಡು ಹೋಯ್ತು. ಅಲ್ಲಿ ಚುಕ್ಕೆ ಹಾಕೋಕೆ ಹೋಗಿ ಪೆನ್ಸಿಲ್ ಮೊನೆ ಮುರೀತು, ಅದರ ಕಲೆ ಹಂಗೇ ಇದೆ.

ನೋಟ್‌ಬುಕ್ಕಲ್ಲಿ 28ನೇ ನಂಬರ್ ಹಾಕಿದೀನಿ. ಎಲ್ಲಿ ತಲೆ ಎತ್ತಿದೆ: ಹೊಳೆ ಹತ್ರ. ಯಾರ ಜೊತೆ ಜಗಳ: ಬರೆದೋರ ಜೊತೆ. ಆಮೇಲೆ ನಾಯಿ ಇಷ್ಟ ಇಲ್ದೆ ಇರೋ ನಮ್ಮಪ್ಪ ನಾನು ಚಿಕ್ಕವನಿದ್ದಾಗ ಒಂದಿನ ಮಳೇಲಿ ಬೀದಿ ಮರೀನ ಬಗಲಲ್ಲಿ ಇಟ್ಕೊಂಡು ಬಂದಿದ್ದು ನೆನಪಾಗಿ ಅದನ್ನೂ ಬರ್ದೆ, ನಾಲ್ಕು ಪುಟ ಆಯ್ತು, ಇನ್ನೂ ಮುಗಿದಿಲ್ಲ.

ಆಪಲ್ಲಿ ಈಗ 7 ಪುಸ್ತಕ ಹಿಂದೆ ಅಂತ ತೋರಿಸ್ತಿದೆ.

---

ಲೆಕ್ಕದ ಮೇಷ್ಟ್ರು

ಏಳು ವಾರಕ್ಕೆ 700 ಪುಟ ಅಂದ್ರೆ ದಿನಕ್ಕೆ 14. ಆ ನಕ್ಷೆ ಫೋಟೋ ಹಾಕ್ತೀರಾ? ನಾನು 150ರಲ್ಲಿ ದಾರಿ ತಪ್ಪಿ ನಿಂತಿದೀನಿ.

---

ಮುದ್ದಾಂ ಓದವಾ

ಖರೇ ಹೇಳ್ತೀನ್ರಿ, ಆ ನಾಯಿ ಸಲುವಾಗಿ ನಾ ಆ ಪುಸ್ತಕ ಎರಡನೇ ಸಲ ಹಿಡದಿಲ್ಲ. ಕಪಾಟಿನಾಗ ಅದ, ದಿನಾ ಕಾಣತದ.